ಕೊಂಬೆ ಹಿಡಿದ ಕೈ

ಪುಣೆ
೯ ಜೂನ್ ೨೦೨೪

ಲಗಮಣ್ಣ ಕಾಕಾರಿಗೆ ಕಲ್ಮೇಶನ ಶರಣು.

ಸುನಿತಾ ಓದಿ ಹೇಳುತ್ತಾಳೆಂದು ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಮ್ಮ ಆಫೀಸಿನಲ್ಲಿ ಮರಾಠಿ, ಅದು ಬಿಟ್ಟರೆ ಇಂಗ್ಲಿಷ್. ಅಸಂಗಿಯ ಕನ್ನಡ ಶಾಲೆಯಲ್ಲಿ ಅವಳೂ ನಾನೂ ಒಂದೇ ವರ್ಗದಲ್ಲಿದ್ದೆವು, ಅಕ್ಷರ ಅವಳದೇ ಚೆಂದ. ತಪ್ಪಿದ್ದರೆ ಅವಳು ನಗಲಿ, ನೀವು ನಗಬೇಡಿ.

ಸಂತೋಷದ ಸುದ್ದಿ ಇದೆ. ಮೇ ತಿಂಗಳಲ್ಲಿ ನಿಮ್ಮ ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ತೆಗೆದ ವಿಡಿಯೋವನ್ನು ಮೊನ್ನೆ ಮುಂಬೈಯಲ್ಲಿ ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ತೋರಿಸಿದರು. ನೀವು ಬಲಗೈಯಿಂದ ತಲೆಯ ಮೇಲಿನ ಕೊಂಬೆ ಹಿಡಿದು ನಗುತ್ತಾ ನಿಂತಿದ್ದೀರಿ. ಜಾಲಿ ಗಿಡದಿಂದ ಬಿದ್ದು ಭುಜದ ನರ ಹರಿದು, ಎರಡು ವರ್ಷ ಕೈ ಜೋತು ಬಿಟ್ಟುಕೊಂಡು ಅಡ್ಡಾಡಿದ ಕುರಿಗಾರ ಇವರು ಎಂದು ನಮ್ಮ ಕಂಪನಿಯ ಯಜಮಾನರಾದ ಅನಿಲ ಸರ್ ಹೇಳಿದರು. ಜನವರಿಯ ಆಪರೇಷನ್ನಿನಲ್ಲಿ ನಿಮ್ಮ ಭುಜದೊಳಗೆ ಕೂರಿಸಿದ, ಹರಿದ ನರವನ್ನು ಎಲುಬಿಗೆ ಬಿಗಿಹಿಡಿಯುವ ನಮ್ಮ ಸಾಧನ ಅಂಗಿಯ ಗುಂಡಿಯಷ್ಟೇ ದೊಡ್ಡದು, ಅದು ಹೇಗೆ ಕೆಲಸ ಮಾಡುತ್ತದೆಂದು ವಿವರಿಸಲು ಅವರಿಗೆ ಅರ್ಧ ಗಂಟೆ ಬೇಕಾಗುತ್ತಿತ್ತು. ನಿಮ್ಮ ಕೈ ಅರ್ಧ ನಿಮಿಷದಲ್ಲಿ ಹೇಳಿತು. ಹಣ ಹೂಡಲು ಬಂದವರು ಚಪ್ಪಾಳೆ ತಟ್ಟಿದರು. ನನಗೂ ಬಡ್ತಿ ಸಿಕ್ಕಿದೆ.

ಇನ್ನು ಎರಡನೆಯ ಹಂತ. ನಮ್ಮ ಜತ್ತ ತಾಲೂಕಿನಿಂದಲೇ ನಲವತ್ತು ಜನರಿಗೆ ಈ ಗುಂಡಿ ಕೂರಿಸಿ ನೋಡುತ್ತೇವೆ. ಮೊದಲ ಹೆಸರು ಯಾರದು ಗೊತ್ತೇ? ಶೇಗಾಂವದ ನಿಮ್ಮ ತಂಗಿ ದುಂಡವ್ವನದು. ಬಾವಿಯ ಮೆಟ್ಟಿಲಲ್ಲಿ ಜಾರಿದಾಗಿನಿಂದ ಅವರ ಎಡಭುಜ ನೋಯುತ್ತಿದೆಯಂತೆ. ಅಣ್ಣನ ಕೈ ಏರಿದ್ದು ಕೇಳಿ ತಾವೇ ಫೋನ್ ಮಾಡಿ ಹೆಸರು ಹಚ್ಚಿಸಿದರು. ಸೆಪ್ಟೆಂಬರ್ ೧೮ಕ್ಕೆ ಅವರ ಆಪರೇಷನ್.

ಇದರ ಜೊತೆ ಹತ್ತು ಪ್ರಶ್ನೆಗಳ ಫಾರ್ಮು ಇದೆ. ನೀವು ಹೇಳಿದಂತೆ ಸುನಿತಾ ತುಂಬಿ ಕಳಿಸಲಿ.

ನಿಮ್ಮ ಮಗನಂಥ,
ಕಲ್ಮೇಶ


ಅಸಂಗಿ
೨೧ ಜೂನ್ ೨೦೨೪

ಕಲ್ಮೇಶಪ್ಪನಿಗೆ ಲಗಮಣ್ಣ ಹೇಳಿ ಬರೆಸುವುದು.

ನಾವೆಲ್ಲ ಆರಾಮ. ಮಳೆ ಎರಡು ಸಲ ಚಲೋ ಆಯಿತು. ಕುರಿ ಆರಾಮ ಇವೆ. ನಿನಗೆ ಬಡ್ತಿ ಸಿಕ್ಕಿದ್ದು ಕೇಳಿ ಭಾಳ ಸಂತೋಷವಾಯಿತು. ನಿಮ್ಮಪ್ಪ ಶ್ರೀಶೈಲಪ್ಪ ಇವತ್ತು ಇದ್ದಿದ್ದರೆ ಊರಿಗೆಲ್ಲ ಪೇಢೆ ಹಂಚುತ್ತಿದ್ದ. ಕೈ ಚಲೋ ಅದ. ಫಾರ್ಮು ತುಂಬಿಸಿದ್ದೇನೆ. ನನ್ನ ಕಾಳಜಿ ಮಾಡಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಲಗಮಣ್ಣ (ಎಡಗೈ ಸಹಿ)

ಕಲ್ಮೇಶಣ್ಣಾ, ಮೇಲಿನದೆಲ್ಲ ಅಪ್ಪ ಹೇಳಿದ್ದು, ನಾನು ಒಂದಕ್ಷರವೂ ಹೆಚ್ಚುಕಡಿಮೆ ಮಾಡಿಲ್ಲ. ಫಾರ್ಮಿನ ಹತ್ತೂ ಪ್ರಶ್ನೆಗೆ ಸುಲಭ ಎಂಬಲ್ಲೇ ಗುರುತು ಹಾಕಿಸಿದ. ಐದನೆಯದು, ಅಂಗಿ ನೀವೇ ಹಾಕಿಕೊಳ್ಳುತ್ತೀರಾ ಎಂಬ ಪ್ರಶ್ನೆ. ಅದಕ್ಕೂ ಸುಲಭ ಎಂದ. ಆಗ ನಾನು ಅವನ ಬಲಗೈಯನ್ನು ಅಂಗಿಯ ತೋಳಿನೊಳಗೆ ತೂರಿಸುತ್ತಿದ್ದೆ.

ಸುನಿತಾ


ಅಸಂಗಿ
೩ ಜುಲೈ ೨೦೨೪

ಕಲ್ಮೇಶಣ್ಣನಿಗೆ,

ಈ ಪತ್ರ ಅಪ್ಪನಿಗೆ ಗೊತ್ತಿಲ್ಲ. ಫೋನ್ ಮಾಡಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಫೋನ್ ಎಂದರೆ ಸ್ಪೀಕರ್ ಹಾಕಿ ಎಲ್ಲರೂ ಸುತ್ತ ಕುಳಿತು ಕೇಳುವ ವಸ್ತು. ಹಿಂದಿನ ಪತ್ರದ ಕೊನೆಗೆ ನಾನು ಬರೆದ ಮಾತಿಗೆ ನಿಮ್ಮಿಂದ ಏನೂ ಬರಲಿಲ್ಲ. ಅಂಚೆಯವನು ನುಂಗಿರಲಿಕ್ಕಿಲ್ಲ. ಅದಕ್ಕೇ ಈಗ ಬಿಡಿಸಿ ಬರೆಯುತ್ತೇನೆ.

ಅಪ್ಪನ ಕೈ ಏರುವುದಿಲ್ಲ. ಎದೆಯವರೆಗೆ ಬರುತ್ತದೆ, ಅಲ್ಲಿಂದ ಮೇಲೆ ಇಲ್ಲ. ರುಮಾಲು ನಾನು ಸುತ್ತುತ್ತೇನೆ. ಈ ಸಲ ಉಣ್ಣೆ ಕತ್ತರಿಸುವ ಕೆಲಸವನ್ನೆಲ್ಲ ನಮ್ಮ ಮನೆಯವರೇ ಮಾಡಿದರು, ಅಪ್ಪ ಕತ್ತರಿಗೆ ಎಣ್ಣೆ ಹಚ್ಚಿ ಕೊಡುತ್ತಾ ಕುಳಿತಿದ್ದ. ಆಪರೇಷನ್ ಆಗುವ ಮುಂಚೆ ನೋವಾದರೂ ಕಡಿಮೆ ಇತ್ತು, ಈಗ ಆ ಮಗ್ಗುಲಿಗೆ ಮಲಗುವಂತಿಲ್ಲ.

ಮೇ ತಿಂಗಳಲ್ಲಿ ನೀವು ಬಂದಾಗ ನಾನು ಚಹಾ ಹಿಡಿದುಕೊಂಡು ಹೊಸ್ತಿಲಲ್ಲಿ ನಿಂತಿದ್ದೆ. ಅಪ್ಪ ಕೈ ಎತ್ತಲು ಎರಡು ಸಲ ನೋಡಿದ, ಆಗಲಿಲ್ಲ. ಎಡಗೈಯಿಂದ ಬಲಗೈ ಹಿಡಿದು ಎತ್ತಿದ. ನೀವು ಅದನ್ನು ಇಸಿದುಕೊಂಡು ಕೊಂಬೆಗೆ ಮುಟ್ಟಿಸಿದಿರಿ. "ಗಟ್ಟಿ ಹಿಡೀರಿ ಕಾಕಾ, ಇಷ್ಟs ಸಾಕು" ಎಂದಿರಿ. ಆಮೇಲೆ ಮೊಬೈಲ್ ತೆಗೆದಿರಿ. ನಿಮ್ಮ ವಿಡಿಯೋ ಅಲ್ಲಿಂದ ಶುರುವಾಗಿ, ಕೈ ಇಳಿಯುವ ಮುಂಚೆ ಮುಗಿದಿರಬೇಕು. ಕೈ ಹೇಗೆ ಇಳಿಯಿತೆಂದು ನಾನು ನೋಡಿದ್ದೇನೆ.

ನಿಮ್ಮ ಮೇಲೆ ಅಪ್ಪನಿಗೆ ಸಿಟ್ಟಿಲ್ಲ. ಸಿಟ್ಟಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ತಪ್ಪು ತನ್ನದೇ ಎಂದುಕೊಂಡಿದ್ದಾನೆ. ಆಪರೇಷನ್ ಆದ ಐದನೆಯ ವಾರ ಒಂದು ಗಬ್ಬದ ಕುರಿ ಹಳ್ಳದ ಕೆಸರಿನಲ್ಲಿ ಹೂತು ಹೋಗಿತ್ತು. ಹತ್ತಿರ ಯಾರೂ ಇರಲಿಲ್ಲ, ಅಪ್ಪ ಎಳೆದು ತೆಗೆದ. ಇದನ್ನು ನನಗೆ ಹೇಳಿದ್ದು ಹೋದ ವಾರ. "ಆರ ತಿಂಗಳ ಭಾರ ಎತ್ತಬ್ಯಾಡ ಅಂತ ಕಲ್ಮೇಶ ಕೈ ಮುಗದ ಹೇಳಿದ್ದ. ಅವನ ಕೆಲಸಾ ನಾ ಕೆಡಿಸೀನಿ. ಈಗ ಯಾವ ಬಾಯಿಲೆ ಹೇಳಲಿ?" ಎಂದ. ಹಾಗೆ ಹೇಳುವಾಗ ನನ್ನ ಮುಖ ನೋಡಲಿಲ್ಲ.

ಊರೂರಿನಿಂದ ಜನ ಕೇಳಲು ಬರುತ್ತಿದ್ದಾರೆ. ಮೊನ್ನೆ ಡಫಳಾಪುರದಿಂದ ಮುರಗೆಪ್ಪ ಎಂಬವರು ಬಂದಿದ್ದರು, ಅವರದೂ ಭುಜದ ನೋವು. ಅಪ್ಪ ಕಂಬಳಿ ಹೊದ್ದುಕೊಂಡು, ಬಲಗೈಯಲ್ಲಿ ಕೋಲು ಹಿಡಿದು ಕುಳಿತು, ಚಲೋ ಆಗೇದ, ಹೋಗ್ರಿ ಎಂದ. ಅವರು ಹೋಗಿ ಹೆಸರು ಬರೆಸಿರಬೇಕು. ಸೆಪ್ಟೆಂಬರಿಗೆ ನಮ್ಮ ದುಂಡವ್ವ ಅತ್ತೆಯ ಸರದಿ. ಆಕೆ ಒಬ್ಬಂಟಿ. ಒಂದೆಕರೆ ಹೊಲ, ನಾಲ್ಕು ಎಮ್ಮೆ, ಎಲ್ಲವನ್ನೂ ಆಕೆಯೇ ನೋಡಬೇಕು. ಇದ್ದ ಕೈಯೂ ಹೋದರೆ ಹಾಲು ಹಿಂಡುವವರು ಯಾರು?

ನಿಮಗೆ ಗೊತ್ತಿಲ್ಲವೆಂದು ತಿಳಿದು ನಾನು ಬರೆಯುತ್ತಿಲ್ಲ ಅಣ್ಣಾ. ಗೊತ್ತಿದೆ ಎಂದೇ ಬರೆಯುತ್ತಿದ್ದೇನೆ.

ಸುನಿತಾ


ಪುಣೆ
೩೦ ಜುಲೈ ೨೦೨೪

ತಂಗಿ ಸುನಿತಾ,

ನಿನ್ನ ಪತ್ರವನ್ನು ಮೂರು ವಾರ ಚೀಲದಲ್ಲಿಟ್ಟುಕೊಂಡು ಅಡ್ಡಾಡಿದೆ. ಉತ್ತರ ಬರೆಯಲು ಕುಳಿತಾಗಲೆಲ್ಲ ಬರುತ್ತಿದ್ದುದು ನೆಪಗಳೇ. ಭುಜ ಸುಧಾರಿಸಲು ಕೆಲವರಿಗೆ ವರ್ಷ ಬೇಕು, ವ್ಯಾಯಾಮ ಸರಿಯಾಗಿ ಆಗಿರಲಿಕ್ಕಿಲ್ಲ, ಒಬ್ಬರಿಗೆ ಹೀಗಾದರೆ ಎಲ್ಲರಿಗೂ ಹೀಗೇ ಆಗಬೇಕೆಂದಿಲ್ಲ, ಇಂಥವು. ಒಂದೂ ಪೂರಾ ಸುಳ್ಳಲ್ಲ, ಅದೇ ಅವುಗಳ ಕೆಟ್ಟತನ. ಆ ಹಾಳೆಗಳನ್ನು ಹರಿದು ಹಾಕಿದೆ.

ಗೊಬ್ಬರಕ್ಕಾಗಿ ನಮ್ಮ ಹೊಲದಲ್ಲಿ ರಾತ್ರಿ ನಿಮ್ಮ ಕುರಿ ತರುಬಿ ಮಲಗಿಸುತ್ತಿದ್ದುದು ನಿನಗೆ ನೆನಪಿರಬೇಕು. ಬೆಳಗಾದರೆ ನಮ್ಮಪ್ಪ ಹೋಗಿ, "ಕುರಿ ಚಲೋ ಮಲಗಿದ್ವೇನ ಲಗಮಣ್ಣಾ?" ಎಂದು ಕೇಳುತ್ತಿದ್ದ. ಕಾಕಾ, "ಚಲೋ ಮಲಗಿದ್ವರಿ" ಎನ್ನುತ್ತಿದ್ದರು. ತೋಳ ಎರಡು ಮರಿ ಒಯ್ದ ಮರುದಿನವೂ ಅದೇ ಉತ್ತರ. ಹೊಲದಲ್ಲಿ ಇಳಿಸಿಕೊಂಡವನ ಮುಖಕ್ಕೆ ಬೆಳ್ಳಂಬೆಳಗ್ಗೆ ಕೆಟ್ಟ ಸುದ್ದಿ ಹೇಳಬಾರದು, ಹೇಳಿದರೆ ಆ ಹೊಲಕ್ಕೇ ದೂರು ಹೊರಿಸಿದಂತೆ ಎಂಬುದು ಅವರ ಮರ್ಯಾದೆ. ಅಪ್ಪನಿಗೆ ಇದು ಗೊತ್ತಿತ್ತು. ಉತ್ತರ ಕೇಳಿ ತಲೆಯಾಡಿಸಿ, ಹಿಂಡಿನ ಸುತ್ತ ಒಂದು ಸುತ್ತು ಹಾಕಿ ತಾನೇ ಎಲ್ಲ ನೋಡುತ್ತಿದ್ದ. ಆ ಸಲ ಮರಿ ಹೋದದ್ದನ್ನೂ ಹಾಗೇ ಕಂಡುಕೊಂಡ.

ನಾನು ಆ ಉತ್ತರ ಕೇಳುತ್ತಲೇ ಬೆಳೆದವನು. ಮೇ ತಿಂಗಳಲ್ಲಿ ಬಂದು ಕೈ ಹೇಗಿದೆ ಎಂದು ಕೇಳಿದಾಗ ಕಾಕಾ ಏನು ಹೇಳುತ್ತಾರೆಂದು ನನಗೆ ಮೊದಲೇ ಗೊತ್ತಿತ್ತು. ನಮ್ಮ ಆಫೀಸಿನ ಮಿಕ್ಕ ಯಾರು ಬಂದಿದ್ದರೂ ಮೋಸ ಹೋಗುತ್ತಿದ್ದರು, ಅವರದು ತಪ್ಪಾಗುತ್ತಿರಲಿಲ್ಲ. ನಾನು ಮೋಸ ಹೋಗಲಿಲ್ಲ. ಹೇಳಿದ್ದನ್ನು ಬರೆದುಕೊಂಡೆ, ಸುತ್ತು ಹಾಕಲಿಲ್ಲ. ಇದನ್ನು ನಿನಗೆ ಬರೆಯಲು ನನಗೆ ನಾಚಿಕೆಯಾಗುತ್ತಿದೆ.

ಲಗಮಣ್ಣ ಕಾಕಾರ ಕೈಯನ್ನು ಮತ್ತೊಮ್ಮೆ ನೋಡಿ ಬರಬೇಕೆಂದು ಅನಿಲ ಸರ್‌ಗೆ ಹೇಳಿದ್ದೇನೆ. ಅವರು ಒಪ್ಪಿದ್ದಾರೆ. ಆಗಸ್ಟಿನಲ್ಲಿ ಆಫೀಸಿನಿಂದ ಇಬ್ಬರು ಬರುತ್ತಾರೆ. ಬೇವಿನ ಗಿಡದ ಮಾತನ್ನು ಮಾತ್ರ ನಾನು ಹೇಳಿಲ್ಲ. ಅದು ಬೇಕಾಗಲಿಕ್ಕೂ ಇಲ್ಲ. ಕಾಕಾ ಅವರ ಮುಂದೆ ಇದ್ದದ್ದು ಇದ್ದಂತೆ ಹೇಳಿದರೆ ಎಲ್ಲ ತಾನೇ ನಿಲ್ಲುತ್ತದೆ. ನೀನು ಅವರಿಗೆ ತಿಳಿಸಿ ಹೇಳು.

ಕಲ್ಮೇಶ


ಅಸಂಗಿ
೨೪ ಆಗಸ್ಟ್ ೨೦೨೪

ಕಲ್ಮೇಶಣ್ಣನಿಗೆ,

ನಿಮ್ಮ ಆಫೀಸಿನವರು ಬಂದು ಹೋದರು. ಒಬ್ಬ ಗಂಡಸು, ಒಬ್ಬ ಹುಡುಗಿ. ಒಳ್ಳೆಯವರು, ಮರಾಠಿಯಲ್ಲಿ ಮೆತ್ತಗೆ ಮಾತಾಡಿದರು, ಚಹಾ ಚೆನ್ನಾಗಿದೆ ಎಂದರು. ಅಪ್ಪನಿಗೆ ನಾನು ಎಂಟು ದಿನದಿಂದ ಹೇಳಿ ಇಟ್ಟಿದ್ದೆ. ಹೂಂ ಎಂದಿದ್ದ.

ಕೈ ಎತ್ತಿ ತೋರಿಸಿ ಎಂದರು. ಅಪ್ಪ ಎದೆಯವರೆಗೆ ಎತ್ತಿ ನಿಲ್ಲಿಸಿದ. ಆಮೇಲೆ ಒಂದು ಕಥೆ ಕಟ್ಟಿದ. ಮುಂಚೆ ಪೂರಾ ಏರುತ್ತಿತ್ತಂತೆ, ಕಟ್ಟಿಗೆ ಸಹ ಒಡೆಯುತ್ತಿದ್ದನಂತೆ. ನಿನ್ನೆ ಟಗರು ಬಂದು ಇದೇ ಭುಜಕ್ಕೆ ಗುದ್ದಿತಂತೆ. ಎಂಟು ದಿನ ಬಿಟ್ಟರೆ ಮತ್ತೆ ಏರುತ್ತದಂತೆ. ನಮ್ಮ ಟಗರು ಪಾಪ, ಆ ವಾರವೆಲ್ಲ ಹಿಂಡಿನ ಜೊತೆ ಗಡಿಯಾಚೆ ಕರ್ನಾಟಕದಲ್ಲಿ ಮೇಯುತ್ತಿತ್ತು. ಇಂಥ ಸುಳ್ಳನ್ನು ಅಪ್ಪ ಎಲ್ಲಿ ಕಲಿತನೋ ಗೊತ್ತಿಲ್ಲ. ಹುಡುಗಿ ಎಲ್ಲ ಬರೆದುಕೊಂಡಳು.

ನಾನು ಇಲ್ಲ ಎಂದು ಬಾಯಿ ತೆರೆದೆ. ಅಪ್ಪ ನನ್ನ ಕಡೆ ತಿರುಗಿ, "ಸುನಿತಾ, ಒಳಗ ಹೋಗು" ಎಂದ. ನನಗೆ ಮದುವೆಯಾಗಿ ಹತ್ತು ವರ್ಷ. ಅಂಗನವಾಡಿಯಲ್ಲಿ ಮೂವತ್ತು ಮಕ್ಕಳನ್ನು ಆಳುತ್ತೇನೆ. ಬೇರೆಯವರ ಮುಂದೆ ಅಪ್ಪ ನನಗೆ ಎಂದೂ ಹಾಗೆ ಅಂದವನಲ್ಲ. ನಾನು ಒಳಗೆ ಹೋದೆ. ಹೋಗಬಾರದಿತ್ತು. ನಿಮಗೆ ಇಷ್ಟೆಲ್ಲ ಬರೆಯುವವಳು ಅಲ್ಲಿ ನಿಂತು ಒಂದು ಮಾತು ಆಡಲಿಲ್ಲ. ಆ ನಾಚಿಕೆ ನನ್ನದು, ನಿಮಗೆ ಕೊಡುವುದಿಲ್ಲ.

ಗಾಡಿ ಹೋದ ಮೇಲೆ ಕೇಳಿದೆ. "ನಾ ಕೈ ಏರೂದಿಲ್ಲ ಅಂದಿದ್ದರ ಆ ಹುಡುಗನ ನೌಕರಿ ಹೋಗತಿತ್ತು. ಕುರಿ ಎತ್ತಿದಾಂವ ನಾನು" ಎಂದು ಮುಖ ತೊಳೆಯಲು ಹೋದ. ಒಂದೇ ಕೈಯಲ್ಲಿ ತೊಳೆಯುತ್ತಾನೆ.

ಶೇಗಾಂವಕ್ಕೂ ಹೋಗಿ ಬಂದೆ. ದುಂಡವ್ವ ಅತ್ತೆಗೆ ಎಲ್ಲವನ್ನೂ ಹೇಳಿದೆ. ಆಕೆ ನನ್ನನ್ನೇ ನೋಡುತ್ತಾ, "ನಮ್ಮಣ್ಣ ನನಗ ಸುಳ್ಳ ಹೇಳ್ಯಾನ ಅಂತ ಹೇಳಾಕ ಬಂದೀಯೇನ?" ಎಂದಳು. ಮಜ್ಜಿಗೆ ಕೊಟ್ಟು ಬಸ್ಸಿಗೆ ಹತ್ತಿಸಿ ಕಳಿಸಿದಳು. ಹದಿನೆಂಟನೆಯ ತಾರೀಖಿಗೆಂದು ಹೊಸ ಸೀರೆ ತೆಗೆದಿಟ್ಟಿದ್ದಾಳೆ.

ನೀವು ಬಾಯಿ ಬಿಡುವ ಬದಲು ಅಪ್ಪ ಬಿಡಲಿ ಎಂದಿರಿ. ಅಪ್ಪ ನಿಮ್ಮನ್ನು ಉಳಿಸುತ್ತಾನೆಂದು ನಿಮಗೆ ಗೊತ್ತಿರಲಿಲ್ಲವೇ? ಉತ್ತರ ಬರೆಯಬೇಡಿ. ಅದರ ಬದಲು ಏನಾದರೂ ಮಾಡಿ.

ಸುನಿತಾ


ಪುಣೆ
೫ ಸೆಪ್ಟೆಂಬರ್ ೨೦೨೪

ಲಗಮಣ್ಣ ಕಾಕಾರಿಗೆ,

ಸುನಿತಾ, ಇದನ್ನು ಕಾಕಾರ ಮುಂದೆ ಕುಳಿತು ಗಟ್ಟಿಯಾಗಿ ಓದು. ಅವರು ಸಾಕು ಎಂದರೂ ಕೊನೆಯವರೆಗೆ ಓದು.

ಕಾಕಾ, ನಿಮ್ಮ ಕೈ ಕೆಟ್ಟದ್ದು ನೀವು ಕುರಿ ಎತ್ತಿದ್ದಕ್ಕೆ ಅಲ್ಲ. ಆಪರೇಷನ್ ಆದ ಮೂರನೆಯ ವಾರ ನಿಮ್ಮನ್ನು ಆಸ್ಪತ್ರೆಗೆ ಕರೆತಂದು ಭುಜದ ಚಿತ್ರ ತೆಗೆಸಿದ್ದೆನಲ್ಲ, ಆಗಲೇ ಗುಂಡಿ ಜಾಗ ಬಿಟ್ಟು ಜಾರಿತ್ತು. ನರ ಮತ್ತೆ ಹರಿದಿತ್ತು. ಚಿತ್ರ ತೆಗೆದವರು ಅದನ್ನು ಬರೆದೂ ಕೊಟ್ಟಿದ್ದರು. ಆ ಹಾಳೆ ನನ್ನ ಕೈಗೆ ಬಂತು. ಸರಿಯಾಗಬಹುದು, ನೋಡೋಣ ಎಂದು ಫೈಲಿನ ಹಿಂದಕ್ಕೆ ಸೇರಿಸಿದೆ. ಡಾಕ್ಟರರಿಗೆ ತೋರಿಸಲಿಲ್ಲ. ನಿಮಗೆ ಎಲ್ಲ ಚಲೋ ಅದ ಎಂದು ಹೇಳಿ ಬಸ್ ಹತ್ತಿಸಿದೆ. ನೀವು ನನ್ನ ಕೆಲಸ ಕೆಡಿಸಲಿಲ್ಲ. ನಿಮ್ಮ ಕೈ ಕೆಡಿಸಿದ್ದು ನಮ್ಮ ಗುಂಡಿ. ಅದನ್ನು ಮುಚ್ಚಿಟ್ಟವನು ನಾನು.

ಮೇ ತಿಂಗಳಲ್ಲಿ ನಿಮ್ಮ ಕೈಯನ್ನು ಕೊಂಬೆಗೆ ಇಟ್ಟವನೂ ನಾನೇ. ಆಗ ನಿಮ್ಮ ಹಣೆಯಲ್ಲಿ ಬೆವರು ಒಡೆದಿತ್ತು. ನಗ್ರಿ ಕಾಕಾ ಎಂದೆ. ನಕ್ಕಿರಿ.

ಇದಿಷ್ಟನ್ನೂ ಮರಾಠಿಯಲ್ಲಿ ಬರೆದು, ಆ ಹಾಳೆಯನ್ನೂ ಲಗತ್ತಿಸಿ, ಸಹಿ ಮಾಡಿ ಆಸ್ಪತ್ರೆಯ ಡಾಕ್ಟರರ ಸಮಿತಿಗೆ ಕೊಟ್ಟಿದ್ದೇನೆ. ಅನಿಲ ಸರ್ ಅದನ್ನು ಎರಡು ಸಲ ಓದಿ, ಇದನ್ನು ನನಗೆ ಬಾಯಲ್ಲಿ ಹೇಳಬಹುದಿತ್ತಲ್ಲ ಎಂದರು. ಬಾಯಲ್ಲಿ ಹೇಳಿದ್ದರೆ ಅದು ಅಲ್ಲೇ ಉಳಿಯುತ್ತಿತ್ತು. ನನ್ನ ನೌಕರಿ ಹೋಗಿದೆ. ಅದನ್ನು ಉಳಿಸಲು ನೀವು ಇನ್ನು ಏನೂ ಮಾಡಬೇಕಾಗಿಲ್ಲ.

ಆದರೆ ದುಂಡವ್ವನ ಆಪರೇಷನ್ ಇನ್ನೂ ನಿಂತಿಲ್ಲ. ನನ್ನೊಬ್ಬನ ಮಾತಿನ ಮೇಲೆ ನಲವತ್ತು ಜನರದನ್ನು ನಿಲ್ಲಿಸಲಾಗದು, ಕೆಲಸ ಕಳೆದುಕೊಂಡವನು ಸಿಟ್ಟಿಗೆ ಏನಾದರೂ ಬರೆಯುತ್ತಾನೆ ಎಂದು ಕಂಪನಿ ಹೇಳುತ್ತಿದೆ. ಸಮಿತಿಗೆ ನಿಮ್ಮ ಮಾತು ಬೇಕು. ಹನ್ನೊಂದನೆಯ ತಾರೀಖು ಅವರ ಡಾಕ್ಟರ್ ಅಸಂಗಿಗೆ ಬರುತ್ತಾರೆ. ಹೇಗಿದೆ ಎಂದು ಕೇಳುತ್ತಾರೆ. ಅವರಿಗೆ ಚಲೋ ಅದ ಎನ್ನಬೇಡಿ.

ದಸರೆಗೆ ಬಂದು ನಿಮ್ಮ ಕಾಲು ಹಿಡಿಯಬೇಕೆಂದಿದ್ದೇನೆ. ನೀವು ಹೂಂ ಎಂದರೆ ಮಾತ್ರ ಬರುತ್ತೇನೆ.

ಕಲ್ಮೇಶ


ಅಸಂಗಿ
೨೮ ಸೆಪ್ಟೆಂಬರ್ ೨೦೨೪

ಕಲ್ಮೇಶಣ್ಣನಿಗೆ,

ನಿಮ್ಮ ಪತ್ರ ಓದಿದೆ. ಅಪ್ಪ ನಡುವೆ ಎಲ್ಲೂ ಸಾಕು ಎನ್ನಲಿಲ್ಲ. ಮುಗಿದ ಮೇಲೆ ಒಂದೇ ಜಾಗವನ್ನು ಮತ್ತೊಮ್ಮೆ ಓದಿಸಿದ, ಮೂರನೆಯ ವಾರದ್ದು. "ಅಂದರ, ಕುರಿ ಎತ್ತೂಕಿಂತ ಮೊದಲs?" ಎಂದು ಕೇಳಿದ. ಹೌದಪ್ಪಾ, ಮೊದಲೇ ಎಂದೆ. ಎದ್ದು ಹೊರಗೆ ಹೋದ. ಆ ಕುರಿಯನ್ನು ಅಪ್ಪ ಏಪ್ರಿಲಿನಲ್ಲೇ ಮಾರಿಬಿಟ್ಟಿದ್ದ. ಒಳ್ಳೆಯ ತಳಿ, ಎರಡೆರಡು ಮರಿ ಹಾಕುತ್ತಿತ್ತು. ಯಾಕೆ ಮಾರಿದೆ ಎಂದು ನಮ್ಮ ಮನೆಯವರು ಜಗಳವಾಡಿದ್ದರು. ಅದು ಕಣ್ಣೆದುರು ಅಡ್ಡಾಡುವುದನ್ನು ನೋಡಲಾಗದೆ ಮಾರಿದನೆಂದು ನನಗೆ ತಿಳಿದದ್ದು ಅವತ್ತೇ.

ಹನ್ನೊಂದಕ್ಕೆ ಡಾಕ್ಟರಬಾಯಿ ಬಂದರು. ಹೇಗಿದೆ ಬಾಬಾ ಎಂದು ಮರಾಠಿಯಲ್ಲಿ ಕೇಳಿದರು. ಅಪ್ಪ ಕಂಬಳಿ ತೆಗೆದು ಕಟ್ಟೆಯ ಮೇಲಿಟ್ಟ. ಆಮೇಲೆ ಕನ್ನಡದಲ್ಲಿ, "ಕೈ ಏರೂದಿಲ್ಲರಿ" ಎಂದ. ಅವರಿಗೆ ತಿಳಿಯಲಿಲ್ಲ. ಮರಾಠಿ ಬಾರದವನೇನಲ್ಲ ಅಪ್ಪ, ಜತ್ತಿನ ಸಂತೆಯಲ್ಲಿ ಎಲ್ಲರ ಜೊತೆ ಮರಾಠಿಯಲ್ಲೇ ಚೌಕಾಸಿ ಮಾಡುತ್ತಾನೆ. ಆದರೆ ಅಂದು ನನ್ನನ್ನು ಹತ್ತಿರ ಕರೆದು ಕೂರಿಸಿಕೊಂಡು, ಅವನು ಹೇಳುತ್ತಾ ಹೋದ, ನಾನು ಮರಾಠಿಯಲ್ಲಿ ಹೇಳುತ್ತಾ ಹೋದೆ. ಅಂಗಿ, ರುಮಾಲು, ಕತ್ತರಿ, ನಿದ್ದೆ ಎಲ್ಲ ಹೇಳಿದ. ಟಗರಿನ ಕಥೆ ಸುಳ್ಳೆಂದು ಹೇಳುವಾಗ ಅವನ ಧ್ವನಿ ಕೇಳಿಸದಷ್ಟು ಸಣ್ಣದಾಯಿತು, ನಾನು ಎರಡು ಸಲ ಕೇಳಬೇಕಾಯಿತು. ತನಗೆ ಆದ ನೋವನ್ನು ತಾನೇ ಬಾಯಿಬಿಟ್ಟು ಹೇಳಲು ಒಬ್ಬ ಮನುಷ್ಯ ಇಷ್ಟು ನಾಚಿಕೊಳ್ಳುವುದನ್ನು ನಾನು ನೋಡಿರಲಿಲ್ಲ.

ನಲವತ್ತೂ ಜನರದು ನಿಂತಿದೆ. ಸಮಿತಿಯ ಕಾಗದ ಅತ್ತೆಗೂ ಬಂದಿದೆ. ಅಪ್ಪ ತಾನೇ ಬಸ್ ಹತ್ತಿ ಶೇಗಾಂವಕ್ಕೆ ಹೋದ. ಅತ್ತೆ ಬಾಗಿಲಲ್ಲಿ ನಿಂತು, "ಊರ ಮಂದಿಗೆ ಹೇಳಿದಿ, ಹೋಗಲಿ. ನನಗೂ ಹಂಗs ಹೇಳಿದೆಲ್ಲೋ ಅಣ್ಣಾ" ಎಂದು ಎಮ್ಮೆ ಬಿಟ್ಟುಕೊಂಡು ಹೋದಳಂತೆ. ಅಪ್ಪ ಮಧ್ಯಾಹ್ನದವರೆಗೆ ಕಟ್ಟೆಯ ಮೇಲೆ ಕುಳಿತ. ಅವಳು ತಿರುಗಿ ಬಂದು ನೀರು ಕೊಟ್ಟಳು, ಮಾತು ಕೊಡಲಿಲ್ಲ. ಡಫಳಾಪುರದ ಮುರಗೆಪ್ಪನವರ ಮನೆಗೂ ಹೋಗಬೇಕೆನ್ನುತ್ತಿದ್ದಾನೆ. ಬಂದು ಕೇಳಿ ಹೋದವರ ಊರುಗಳನ್ನೆಲ್ಲ ನೆನಪು ಮಾಡಿಕೊಂಡು ನನ್ನಿಂದ ಬರೆಸಿಟ್ಟಿದ್ದಾನೆ. ಹನ್ನೊಂದು ಮನೆ ಆಗುತ್ತವೆ.

ಇನ್ನು ನಿಮ್ಮ ದಸರೆಯ ಮಾತು. ಏನು ಬರೆಯಲಿ ಎಂದು ಅಪ್ಪನನ್ನು ಮೂರು ಸಲ ಕೇಳಿದ್ದೆ. ಇಂದು ಬೆಳಿಗ್ಗೆ ಅಂಗಿ ಹಾಕಿಸಿಕೊಳ್ಳುತ್ತಿರುವಾಗ ಅವನೇ ಮಾತು ತೆಗೆದ.

"ಬರಬ್ಯಾಡ ಅನ್ನು ಅವಗ."

ಬರುತ್ತೇನೆಂದವರಿಗೆ ಅಪ್ಪ ಬೇಡ ಅಂದದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ಕುರಿ ಕದ್ದು ಸಿಕ್ಕಿಬಿದ್ದವನಿಗೂ ಉಣಿಸಿ ಕಳಿಸಿದವನು. ಈ ಸಲ ಕೆಲಸ ಬಹಳ ಇದೆ, ಮುಂದೆ ಬಂದರಾಯಿತು ಎಂದು ಬರೆಯಲೇ, ಕಲ್ಮೇಶಣ್ಣನಿಗೆ ಅಷ್ಟು ಕೆಟ್ಟದೆನಿಸಲಿಕ್ಕಿಲ್ಲ ಎಂದೆ.

"ಕೆಟ್ಟ ಅನಸಲಿ" ಎಂದ.

ಬರೆದಿದ್ದೇನೆ.

ಸುನಿತಾ